ಸಮುದ್ರತಳದಲ್ಲಿ ಸೋರಿದ ಎಣ್ಣೆಯೆಲ್ಲ ಮೇಲಕ್ಕೇ ಬರುತ್ತದೆಯೇ?

ಎಣ್ಣೆ ನೀರಿಗಿಂತ ಹಗುರವಾದ್ದರಿಂದ ತಳದಲ್ಲಿ ಸೋರಿದ್ದೆಲ್ಲವೂ ಮೇಲೆ ಬಂದೇ ಬರಬೇಕಲ್ಲವೇ, ಮುಂಬೈ ಕಡಲಾಚೆಯ ನಮ್ಮ ಎಣ್ಣೆಕ್ಷೇತ್ರ ಮುಂಬೈ ಹೈನಲ್ಲಿ ಹಾಗಾದರೆ ಗತಿಯೇನು ಎಂದು ಕೇಳಿದ್ದೀರಿ. ಎಲ್ಲವೂ ಮೇಲೆ ಬರುವುದಿಲ್ಲ. ಎಷ್ಟು ಬರುತ್ತದೆ ಎಂಬುದು ಬಹುಮಟ್ಟಿಗೆ ಹನಿಯ ಗಾತ್ರವನ್ನು ಅವಲಂಬಿಸಿದೆ.

2010ರಲ್ಲಿ ಮೆಕ್ಸಿಕೋ ಕೊಲ್ಲಿಯ ಡೀಪ್‌ವಾಟರ್ ಹೊರೈಝನ್ ಎಂಬ ಎಣ್ಣೆಬಾವಿ ಕೊರೆಯುವ ವೇದಿಕೆಯ ದುರಂತದಲ್ಲಿ, ಸುಮಾರು 1,500 ಮೀಟರ್ ನೀರಿನ ಕೆಳಗಿದ್ದ ಬಾವಿಯ ಬಾಯಿಂದ ಎಣ್ಣೆಯೂ ಅನಿಲವೂ 87 ದಿನ ಒಟ್ಟಿಗೆ ಚಿಮ್ಮಿದವು. ಆ ರಭಸಕ್ಕೆ ಒಡೆದ ಹನಿಗಳಲ್ಲಿ ಕೆಲವು ಮಿಲಿಮೀಟರ್ ದಪ್ಪದವು ಗಂಟೆಗಳಲ್ಲೇ ಮೇಲ್ಮೈ ಮುಟ್ಟಿದರೆ, ಅವುಗಳ ನೂರನೇ ಒಂದು ಪಾಲಿನಷ್ಟು ಸಣ್ಣ ಹನಿಗೆ ಅಷ್ಟೇ ದೂರ ಏರಲು ತಿಂಗಳುಗಳು ಬೇಕು. ಅಷ್ಟರೊಳಗೆ ಆಳದ ಪ್ರವಾಹ ಅದನ್ನು ಎತ್ತಲೋ ಒಯ್ದಿರುತ್ತದೆ.

ಇನ್ನೊಂದು ಸಂಗತಿ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಏರುವ ಎಣ್ಣೆ ಮತ್ತು ಅನಿಲ ತಳದ ತಣ್ಣನೆಯ, ಭಾರವಾದ ನೀರನ್ನೂ ತಮ್ಮೊಡನೆ ಎಳೆದುಕೊಂಡು ಹೋಗುತ್ತವೆ. ಸುತ್ತಲಿನ ನೀರು ತನಗಿಂತ ಹಗುರವಾಗಿರುವ ಮಟ್ಟ ತಲುಪಿದಾಗ ಆ ನೀರು ಮೇಲೇರಲಾಗದೆ ಅಡ್ಡಡ್ಡ ಹರಡುತ್ತದೆ. ದೊಡ್ಡ ಹನಿಗಳು ಅದನ್ನು ಬಿಟ್ಟು ಮುಂದುವರಿಯುತ್ತವೆ, ಸಣ್ಣ ಹನಿಗಳೂ ನೀರಿನಲ್ಲಿ ಕರಗಿದ ಬೆಂಜೀನ್, ಮೀಥೇನ್‌ಗಳೂ ಅಲ್ಲಿಯೇ ಉಳಿಯುತ್ತವೆ. ಅಮೆರಿಕದ ವುಡ್ಸ್ ಹೋಲ್ ಸಾಗರವಿಜ್ಞಾನ ಸಂಸ್ಥೆಯವರು ಆ ಜೂನ್‌ನಲ್ಲಿ ಸುಮಾರು 1,100 ಮೀಟರ್ ಆಳದಲ್ಲಿ ಇಂಥ ಪದರವೊಂದನ್ನು 35 ಕಿಲೋಮೀಟರ್‌ವರೆಗೆ ಬೆನ್ನಟ್ಟಿದರು. ಮೇಲ್ಮೈ ಎಣ್ಣೆ ಉತ್ತರದ ಲೂಯಿಸಿಯಾನ ದಂಡೆಗೆ ಬಡಿಯುತ್ತಿದ್ದಾಗ ಇದು ನೈರುತ್ಯಕ್ಕೆ ಸರಿಯುತ್ತಿತ್ತು. ಅದನ್ನು ಎಣ್ಣೆಯ ಹೊಳೆಯೆಂದು ಭಾವಿಸಬೇಡಿ: ಅಲ್ಲಿಂದ ತೆಗೆದ ನೀರು ಕಣ್ಣಿಗೆ ತಿಳಿಯಾಗಿಯೇ ಇತ್ತು, ಉಪಕರಣಗಳಿಗಷ್ಟೇ ಸಿಕ್ಕಿತು. ಮುಂದೆ ಒಂದಷ್ಟನ್ನು ಬ್ಯಾಕ್ಟೀರಿಯಾ ತಿಂದವು. ಒಂದಷ್ಟು ಸತ್ತ ಪ್ಲವಕಗಳ (ನೀರಲ್ಲಿ ತೇಲುವ ಸೂಕ್ಷ್ಮ ಜೀವಿಗಳ) ಅಂಟಿಗೆ ಸಿಕ್ಕಿ ತಳಕ್ಕಿಳಿದು ಹವಳಗಳ ಮೇಲೆ ಕುಳಿತಿತು.

ಮುಂಬೈ ಹೈನಲ್ಲಿ ನೀರಿನ ಆಳ 80 ಮೀಟರ್ ಆಸುಪಾಸು ಮಾತ್ರ. ಅಲ್ಲಿ ಸೋರಿದ್ದರಲ್ಲಿ ಹೆಚ್ಚಿನದು ಬೇಗನೆ ಮೇಲೆ ಬಂದು, ಆಮೇಲೆ ಗಾಳಿ ಮತ್ತು ಮೇಲ್ಮೈ ಪ್ರವಾಹದ ಪಾಲಾಗುತ್ತದೆ. ನಾನಿರುವ ಗೋವಾದ ವಾಸ್ಕೋದ ಸುತ್ತಲಿನ ಕಡಲತೀರಗಳಲ್ಲಿ ಮುಂಗಾರಿನ ಹೊತ್ತಿಗೆ ಬಂದು ಬೀಳುವ ಡಾಂಬರಿನ ಉಂಡೆಗಳು ಹೀಗೆ ಮೇಲ್ಮೈಯಲ್ಲಿ ತೇಲಿಬಂದ ಎಣ್ಣೆಯವೇ. ಮುರಿದು ನೋಡಿದರೆ ಹೊರಗೆ ಮರಳು ಮೆತ್ತಿದ ಗಟ್ಟಿ ಸಿಪ್ಪೆ, ಒಳಗೆ ಇನ್ನೂ ಜಿಗುಟು. ಅಂಗಾಲಿಗೆ ಹತ್ತಿದರೆ ಸೋಪಿಗೆ ಜಗ್ಗುವುದಿಲ್ಲ, ಕೊಬ್ಬರಿ ಎಣ್ಣೆಯೇ ಬೇಕು. ದೋನಾ ಪಾವ್ಲಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರು ಇವುಗಳ ರಾಸಾಯನಿಕ ಗುರುತು ಹಿಡಿದು ಮೂಲ ಹುಡುಕಿದಾಗ, ಟ್ಯಾಂಕರ್ ಹಡಗುಗಳು ತೊಳೆದು ಚೆಲ್ಲಿದ ಎಣ್ಣೆಯ ಜೊತೆಗೆ ಮುಂಬೈ ಹೈನ ಹೆಸರೂ ಬಂದಿದೆ.