ಲೇಕ್ ರೇಬನ್‌ನ ಮರದ ದೋಣಿಗಳ ಮೆರವಣಿಗೆ ದಂಡೆಯಿಂದ ಕಾಣುತ್ತಾ?

ನೀವು ಕೇಳಿದ್ದು: ಜುಲೈ 4ರ ಅಮೆರಿಕದ ಸ್ವಾತಂತ್ರ್ಯ ದಿನದ ರಜೆಯಲ್ಲಿ ಅಟ್ಲಾಂಟಾದಿಂದ ಜಾರ್ಜಿಯಾ ರಾಜ್ಯದ ಉತ್ತರದ ಬೆಟ್ಟಗಳ ನಡುವಿನ ಲೇಕ್ ರೇಬನ್‌ಗೆ ಹೋಗಿ ಹಳೇ ಮರದ ದೋಣಿಗಳ ಮೆರವಣಿಗೆ ನೋಡಬೇಕೆಂದಿದ್ದೀರಿ, ಊರಿಂದ ಅಪ್ಪ-ಅಮ್ಮ ಬಂದಿದ್ದಾರೆ, ಇಬ್ಬರು ಚಿಕ್ಕ ಮಕ್ಕಳಿದ್ದಾರೆ, ದಂಡೆ ಮೇಲೆ ಎಲ್ಲಿ ನಿಂತರೆ ಚೆನ್ನಾಗಿ ಕಾಣುತ್ತೆ ಅಂತ.

ದಂಡೆಯ ರಸ್ತೆಯಲ್ಲಿ ನಿಂತರೆ ಹೆಚ್ಚೂಕಮ್ಮಿ ಏನೂ ಕಾಣಲ್ಲ. ಮೊದಲ ಸಲ ನಾವೂ ಹಾಗೇ ಅಂದುಕೊಂಡು ಹೋಗಿ ಪೆಚ್ಚಾಗಿ ಬಂದವರು. ಚಿತ್ರಾನ್ನ ಕಟ್ಟಿಕೊಂಡು, ಮಡಚುವ ಕುರ್ಚಿಗಳನ್ನು ಡಿಕ್ಕಿಗೆ ತುರುಕಿಕೊಂಡು, ಎರಡು ಗಂಟೆ ಗಾಡಿ ಓಡಿಸಿದೆವು. ತಲೆಯಲ್ಲಿ ಇದ್ದದ್ದು ಮೈಸೂರು ದಸರಾದ ಲೆಕ್ಕ: ಬೇಗ ಹೋದರೆ ಜಾಗ ಸಿಗುತ್ತದೆ. ಅಲ್ಲಿ ನೋಡಿದರೆ ರಸ್ತೆಯೇನೋ ನೀರಿನ ಅಂಚಿಗೇ ಸುತ್ತಿಕೊಂಡು ಹೋಗುತ್ತದೆ, ಆದರೆ ನಡುವೆ ಸಾಲಾಗಿ ಮನೆಗಳು, ಮನೆಗಳ ಮುಂದೆ ನೀರಿನ ಮೇಲೆ ಎರಡಂತಸ್ತಿನ ದೋಣಿಮನೆಗಳು. ಕೆಳಗೆ ದೋಣಿ ನಿಲ್ಲಿಸುವುದು, ಮೇಲೆ ಕೂತು ಹರಟುವುದು. ಗಾಡಿ ನಿಲ್ಲಿಸಲು ಒಂದಡಿ ಜಾಗ ಸಿಗಲಿಲ್ಲ. ಎರಡು ದೋಣಿಮನೆಗಳ ಸಂದಿಯಲ್ಲಿ ಒಂದು ಬಾವುಟ ಹಾದುಹೋಯಿತು, ಸ್ವಲ್ಪ ಹೊತ್ತಿಗೆ ಇನ್ನೊಂದು. "ಬಾಗಿಲ ಸಂದೀಲಿ ತೇರು ನೋಡಿದ ಹಾಗಾಯ್ತು ಕಣೋ" ಅಂದರು ಅಮ್ಮ.

ಅದು ಹಾಗಿರುವುದಕ್ಕೆ ಕಾರಣ ಇದೆ. ಹೆಸರಿಗೆ ಲೇಕ್, ನಿಜದಲ್ಲಿ ಜಲಾಶಯ. ಬೆಟ್ಟಗಳಿಂದ ಇಳಿದು ಬರುವ ಟಲೂಲಾ ನದಿಗೆ 1915ರಲ್ಲಿ ಮ್ಯಾಥಿಸ್ ಅಣೆಕಟ್ಟು ಕಟ್ಟಿದ ಮೇಲೆ ನಿಂತ ನೀರು ಇದು. ಟಲೂಲಾ ಮತ್ತು ಅದು ಮುಂದೆ ಸೇರುವ ಟುಗಾಲೋ ನದಿಯ ಮೇಲೆ ಒಂದರ ಕೆಳಗೊಂದು ಆರು ಅಣೆಕಟ್ಟುಗಳಿವೆ, ಎಲ್ಲವೂ ಕರೆಂಟಿಗಾಗಿ. ಅಟ್ಲಾಂಟಾದ ಟ್ರಾಮ್‌ಗಳು ಒಂದು ಕಾಲದಲ್ಲಿ ಓಡಿದ್ದು ಇಲ್ಲಿನ ಕರೆಂಟಿನಿಂದಲೇ. ಮೇಲಿನ ಬರ್ಟನ್ ಜಲಾಶಯದಲ್ಲಂತೂ ಬರ್ಟನ್ ಎಂಬ ಊರೇ ಮುಳುಗಿದೆ. ದಂಡೆಯ ಎಷ್ಟೋ ಮನೆಗಳು ಇವತ್ತಿಗೂ ಜಾರ್ಜಿಯಾ ಪವರ್ ಕಂಪನಿ ಗುತ್ತಿಗೆಗೆ ಕೊಟ್ಟ ಜಾಗದಲ್ಲಿವೆ. ಮೆರವಣಿಗೆಯೂ ಪ್ರವಾಸಿಗರಿಗಾಗಿ ಹುಟ್ಟಿದ್ದಲ್ಲ. ಈ ಮನೆಗಳವರು ತಮ್ಮ ದೋಣಿಗಳನ್ನು ಅಕ್ಕಪಕ್ಕದವರಿಗೆ ತೋರಿಸಿಕೊಂಡು ಬರುವುದು.

ಅಪ್ಪ ಕೆಇಬಿಯಲ್ಲಿ ದುಡಿದು ರಿಟೈರ್ ಆದವರು. ಅವರಿಗೆ ಮೆರವಣಿಗೆ ತಪ್ಪಿದ್ದು ಲೆಕ್ಕಕ್ಕೇ ಇರಲಿಲ್ಲ. ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಗಣಿಗೆ ಲೈನ್ ಎಳೆದಿದ್ದೆವು, ಈ ನದಿಯವರು ನಮಗಿಂತ ಹತ್ತು ವರ್ಷಕ್ಕೂ ಹೆಚ್ಚು ಹಿಂದೆ ಅಂತ ವಾಪಸ್ ಬರುವ ದಾರಿಯುದ್ದಕ್ಕೂ ಹೇಳಿದ್ದೇ ಹೇಳಿದ್ದು.

ಮರುವರ್ಷ ನನ್ನ ಆಫೀಸಿನವರೊಬ್ಬರ ಚಿಕ್ಕಮ್ಮನ ದೋಣಿಮನೆಗೆ ಕರೆದರು. ಆಗ ಗೊತ್ತಾಯಿತು ಇದರ ರುಚಿ. ಮಹೋಗನಿ ಮರದ ಹಳೇ ಕ್ರಿಸ್-ಕ್ರಾಫ್ಟ್ ಕಂಪನಿಯ ದೋಣಿಗಳು, ಮೇಲೆ ಪದರ ಪದರ ವಾರ್ನಿಷ್, ಮುಖ ಕಾಣುವಷ್ಟು ಮಿರುಗು. ಬರುವುದು ಆಮೆ ವೇಗದಲ್ಲಿ, ಆದರೆ ಹಳೇ ಎಂಜಿನ್ನಿನ ಗುಡುಗುಡು ಸದ್ದು ಎದೆಗೇ ಬಂದು ತಾಗುತ್ತದೆ. ಹಲಗೆಗಳ ನಡುವಿನ ಗೆರೆ ತೋರಿಸಿ ಒಬ್ಬ ಮುದುಕರು ಒಂದು ವಿಷಯ ಹೇಳಿದರು. ಚಳಿಗಾಲವೆಲ್ಲ ಶೆಡ್ಡಿನಲ್ಲಿ ಒಣಗಿದ ದೋಣಿಯನ್ನು ನೀರಿಗಿಳಿಸಿದ ಕೂಡಲೇ ಏರಿಕೊಂಡು ಹೋಗುವಂತಿಲ್ಲ, ಸಂದಿಗಳಲ್ಲೆಲ್ಲ ನೀರು ಒಳಗೆ ಬರುತ್ತದೆ. ಪಂಪ್ ಹಾಕಿ ಹೊರಗೆ ಚೆಲ್ಲುತ್ತಾ ಒಂದೆರಡು ದಿನ ನೆನೆಯಲು ಬಿಡಬೇಕು. ಮರ ನೀರು ಕುಡಿದು ಉಬ್ಬಿ ಸಂದಿಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಅವರು ಹೇಳುತ್ತಿದ್ದಾಗಲೇ ಎದುರಿಗೆ ಹೋದ ದೋಣಿಯೊಂದರ ಪಕ್ಕೆಯಿಂದ ನೀರು ಚಿಮ್ಮಿತು. "ಇವನು ನೆನ್ನೆ ಇಳಿಸಿದ್ದಾನೆ" ಅಂತ ಜೋರಾಗಿ ನಕ್ಕರು.

ನಾನು ಅಮ್ಮನಿಗೆ ಇದು ಇವರ ತೆಪ್ಪೋತ್ಸವ ಅಂತ ಹೇಳಿ ಕರೆದುಕೊಂಡು ಹೋಗಿದ್ದೆ. ಅಮ್ಮ ಎರಡು ದೋಣಿ ನೋಡಿ, "ದೇವರೆಲ್ಲೋ?" ಅಂದರು. ಒಂದು ದೋಣಿಯ ಮುಂಭಾಗದಲ್ಲಿ ಅಮೆರಿಕದ ಬಾವುಟದ ಕೆಂಪು-ಬಿಳಿ-ನೀಲಿ ಬಣ್ಣದ ಪಟ್ಟಿ ಕಟ್ಟಿಕೊಂಡ ನಾಯಿ ಕೂತಿತ್ತು. ಆಮೇಲೆ ಬಂದ ದೋಣಿಗಳಿಗೆಲ್ಲ ಅಮ್ಮ ಕೈ ಬೀಸಿದ್ದೇ ಬೀಸಿದ್ದು.

ನಿಮಗೆ ಹಾಗೆ ದೋಣಿಮನೆಗೆ ಕರೆಯುವವರು ಇಲ್ಲದಿದ್ದರೆ ನೀರಿನ ಮೇಲೆ ಹೋಗಿ ನೋಡುವುದೇ ಒಳ್ಳೇ ದಾರಿ. ಅರಣ್ಯ ಇಲಾಖೆಯ ರೇಬನ್ ಬೀಚ್ ಅಂತ ಒಂದು ಜಾಗವಿದೆ, ದುಡ್ಡು ಕೊಟ್ಟು ಒಳಗೆ ಹೋದರೆ ಮಕ್ಕಳು ನೀರಲ್ಲಿ ಆಡಬಹುದು, ಟೆಂಟ್ ಹಾಕಬಹುದು. ಸ್ವಂತ ಕಯಾಕ್ (ಹುಟ್ಟು ಹಾಕುವ ಕಿರಿದಾದ ಸಣ್ಣ ದೋಣಿ) ಇದ್ದರೆ ನೀರಿಗಿಳಿದು ಸಾಲಿನಿಂದ ದೂರ ನಿಂತು ನೋಡಿ. ದೊಡ್ಡವರಿದ್ದಾರೆ ಅಂದಿರಲ್ಲ, ಪಾಂಟೂನ್ ದೋಣಿಯೇ ಸರಿ, ಅದರ ನೆಲ ಜಗಲಿಯಂತೆ ಸಮತಟ್ಟು. ಬಾಡಿಗೆಗೆ ಕೇಳುವಾಗ ಯಾವ ಜಲಾಶಯದ ಮೇಲೆ ಕೊಡುತ್ತಾರೆ ಅಂತ ಮರೆಯದೆ ಕೇಳಿ. ಬರ್ಟನ್‌ನಲ್ಲಿ ಹತ್ತಿದರೆ ರೇಬನ್‌ಗೆ ಬರಲಾಗದು, ಮಧ್ಯೆ ಅಣೆಕಟ್ಟುಗಳಿವೆ. ಜಾರ್ಜಿಯಾದಲ್ಲಿ ದೋಣಿ ಚಲಿಸುತ್ತಿರುವಾಗ 13 ವರ್ಷದೊಳಗಿನ ಮಕ್ಕಳಿಗೆ ಲೈಫ್ ಜಾಕೆಟ್ ಕಡ್ಡಾಯ. ದೋಣಿಕಟ್ಟೆಗಳಿಂದ 100 ಅಡಿಯೊಳಗೆ ನಿಧಾನವಾಗಿ ಹೋಗಬೇಕು.

ಮೆರವಣಿಗೆ ಜುಲೈ 4ರಂದೇ ಇರುತ್ತದೆ ಅಂತ ನಂಬಿ ಹೊರಡಬೇಡಿ, ರಜೆಯ ಆಸುಪಾಸಿನ ಯಾವ ದಿನ ಅಂತ ಮೊದಲೇ ವಿಚಾರಿಸಿ. ಜುಲೈನಲ್ಲಿ ಮಧ್ಯಾಹ್ನದ ಮೇಲೆ ಗುಡುಗು-ಮಳೆ ಮಾಮೂಲು, ಗುಡುಗು ಕೇಳಿದರೆ ದಡ ಸೇರಿಕೊಳ್ಳಿ. ಸಮಯ ಉಳಿದರೆ ಹತ್ತಿರದಲ್ಲೇ ಸಾವಿರ ಅಡಿ ಹತ್ತಿರ ಆಳದ ಟಲೂಲಾ ಕಮರಿ ಇದೆ, ಮೇಲಿನ ಅಂಚಿನಿಂದ ನೋಡಿ ಬನ್ನಿ, ಮೆಟ್ಟಿಲುಗಳ ತಂಟೆಗೆ ದೊಡ್ಡವರನ್ನು ಕರೆದೊಯ್ಯಬೇಡಿ.

ನಿಮ್ಮ ತಂದೆಯವರಿಗೆ ಮಂಡಿನೋವಿದ್ದರೆ ಕಯಾಕ್ ಆಸೆ ತೋರಿಸಲೇಬೇಡಿ. ನಮ್ಮಪ್ಪ ಹಟ ಮಾಡಿ ಕೂತರು, ಎಬ್ಬಿಸಲು ಮೂರು ಜನ ಬೇಕಾಯಿತು.