ಜೋಗದಲ್ಲಿ ನೀರಿಲ್ಲದ ಮೇ ತಿಂಗಳಲ್ಲಿ ಮಕ್ಕಳಿಗೆ ಮಲೆನಾಡಲ್ಲಿ ಏನು ತೋರಿಸೋದು?

ನೀವು ಕೇಳಿದ್ದು ಇಷ್ಟು: ಮೇ ಮೊದಲ ವಾರ ಸಿದ್ದಾಪುರದ ಹತ್ತಿರ ನೆಂಟರ ಮನೆಗೆ ಬರುತ್ತಿದ್ದೀರಿ. ಜೊತೆಗೆ ಇಬ್ಬರು ಮಕ್ಕಳು, ಒಬ್ಬಳಿಗೆ 9 ವರ್ಷ, ಒಬ್ಬನಿಗೆ 12. ಜಲಪಾತ ಎಲ್ಲ ಒಣಗಿರುತ್ತವೆ ಅಂತ ಯಾರೋ ಹೇಳಿದ್ದಾರೆ. ಹಾಗಾದರೆ ಮಕ್ಕಳು ಮೊಬೈಲ್ ಹಿಡಿದು ಕೂರದ ಹಾಗೆ ಏನು ಮಾಡುವುದು?

ನನ್ನ ಊರು ಅದೇ ತಾಲೂಕು. ಪ್ರತಿ ಬೇಸಿಗೆಯಲ್ಲಿ ನಮ್ಮ ಮನೆಗೂ ಬೆಂಗಳೂರು, ಹುಬ್ಬಳ್ಳಿಯಿಂದ ನೆಂಟರ ಮಕ್ಕಳು ಬರುತ್ತಾರೆ. ಹಾಗಾಗಿ ಈ ಪ್ರಶ್ನೆಗೆ ಉತ್ತರ ಕೊಡುವ ಅಧಿಕಾರ ನನಗಿದೆ ಅಂದುಕೊಂಡಿದ್ದೇನೆ.

ಜೋಗದ ವಿಷಯ ಹೇಳಿದವರು ಸುಳ್ಳು ಹೇಳಿಲ್ಲ. ಮೇಲೆ ಲಿಂಗನಮಕ್ಕಿ ಅಣೆಕಟ್ಟು ಇದೆ, ನೀರು ಕರೆಂಟಿಗೆ ಹೋಗುತ್ತದೆ. ಮೇ ತಿಂಗಳಲ್ಲಿ 253 ಮೀಟರ್ ಎತ್ತರದ ಬಂಡೆ ಚೆನ್ನಾಗಿ ಕಾಣುತ್ತದೆ, ನೀರು ಹುಡುಕಬೇಕು. ಒಂದು ಸಂಜೆ ಹೋಗಿ ನೋಡಿ, ಮಂಡಕ್ಕಿ ತಿಂದು ವಾಪಸ್ ಬನ್ನಿ. ಉಳಿದ ದಿನಗಳಿಗೆ ಕಾರು ಬೇಕಾಗಿಲ್ಲ. ನೆಂಟರ ಮನೆ ಹಿಂದೆ ಸೊಪ್ಪಿನ ಬೆಟ್ಟ ಇರುತ್ತದೆ. ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡು ಅದು. ಬೆಳಿಗ್ಗೆ ದೋಸೆ ತಿಂದ ಮೇಲೆ ಅಲ್ಲಿಗೆ ಹೋಗಿ.

ಒಂದೇ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಣ್ಣು ತಂದು ತಿನ್ನಬೇಡಿ, ಹೋಗಿ ತಿನ್ನಿ. ಕಾಡು ಹಣ್ಣುಗಳಲ್ಲಿ ಬಹಳಷ್ಟು ಮನೆಗೆ ಬರುವಷ್ಟರಲ್ಲಿ ಬಾಡುತ್ತವೆ, ಫ್ರಿಜ್ಜಿನಲ್ಲಿ ಇಟ್ಟರೆ ಇನ್ನೂ ಹಾಳು. ಮಕ್ಕಳ ಕೈಗೆ ದೊಡ್ಡ ಬುಟ್ಟಿ ಕೊಟ್ಟರೆ ಅದನ್ನು ತುಂಬಿಸುವುದೇ ಒಂದು ಕೆಲಸ ಆಗಿಬಿಡುತ್ತದೆ. ಯಾರು ಜಾಸ್ತಿ ಕೊಯ್ದರು ಅಂತ ಜಗಳ ಬೇರೆ. ಬರಿಗೈಯಲ್ಲಿ ಕಳಿಸಿ.

ಮೇ ಮೊದಲ ವಾರಕ್ಕೆ ಕವಳಿ ಹಣ್ಣು ಸರಿಯಾಗಿ ಸಿಗುತ್ತದೆ. ಮುಳ್ಳಿನ ಪೊದೆ, ಸೊಂಟದ ಎತ್ತರ, ಕೆಲವು ಕಡೆ ಆಳೆತ್ತರ. ಮುಳ್ಳು ಜೋಡಿಜೋಡಿಯಾಗಿ ಇರುತ್ತದೆ, ಗಟ್ಟಿ ಮುಳ್ಳು. ಕೈಯನ್ನು ಮೇಲಿಂದ ಹಾಕಿದರೆ ಗೀರು ಗ್ಯಾರಂಟಿ. ಒಂದು ಕೈಯಲ್ಲಿ ಕೊಂಬೆಯ ತುದಿ ಹಿಡಿದು ಎತ್ತಿ, ಇನ್ನೊಂದು ಕೈಯನ್ನು ಅಡಿಯಿಂದ ತನ್ನಿ. ಕೆಂಪಗಿರುವುದನ್ನು ಬಿಡಿ, ಅದು ಉಪ್ಪಿನಕಾಯಿಗೆ. ಕಪ್ಪಗೆ ಆಗಿ, ಬೆರಳು ತಾಗಿಸಿದರೆ ಕೈಗೆ ಬೀಳುವಂಥದ್ದು ಹಣ್ಣು. ಕಿತ್ತ ಜಾಗದಲ್ಲಿ ಬಿಳಿ ಹಾಲು ಒಂದು ಹನಿ ಬರುತ್ತದೆ. ಅದನ್ನು ಒರೆಸದೆ ಬಾಯಿಗೆ ಹಾಕಿದರೆ ತುಟಿ ಅಂಟಂಟು. ಎರಡು ನಿಮಿಷದಲ್ಲಿ ಮಕ್ಕಳೇ ಅಂಗಿಗೆ ಒರೆಸಿಕೊಂಡು ತಿನ್ನುವುದನ್ನು ಕಲಿಯುತ್ತಾರೆ. ಅಂಗಿಯ ಕಥೆ ಅಲ್ಲಿಗೆ ಮುಗಿಯಿತು, ಅದು ಬೇರೆ ಮಾತು.

ಕವಳಿ ಹಣ್ಣಿನ ಜೊತೆ ಒಂದು ಆಟ ಇದೆ. ಕಚ್ಚುವ ಮೊದಲು ಎದುರಿನವರನ್ನು ಕೇಳಬೇಕು: "ಹುಂಜವೋ, ಕೋಳಿಯೋ?" ಅವರು ಹೇಳಿದ ಮೇಲೆ ಅರ್ಧ ಕಚ್ಚಿ ತೋರಿಸಬೇಕು. ಒಳಗೆ ಕೆಂಪಾಗಿದ್ದರೆ ಹುಂಜ, ಬೆಳ್ಳಗಿದ್ದರೆ ಕೋಳಿ. ನಡುವಿನ ಗುಲಾಬಿ ಬಣ್ಣಕ್ಕೆ ಪ್ರತಿ ಸಲ ವಾದ ಆಗುತ್ತದೆ. ಕಳೆದ ವರ್ಷ ಬಂದಿದ್ದ ನನ್ನ ತಂಗಿಯ ಮಗ, "ದೊಡ್ಡಮ್ಮಾ, ಇದು ಕೋಳಿಮರಿ, ಇನ್ನೂ ಗೊತ್ತಾಗಲ್ಲ" ಅಂತ ತೀರ್ಪು ಕೊಟ್ಟ. ಈಗ ನಮ್ಮ ಮನೆಯಲ್ಲಿ ಅದೇ ಕಾನೂನು.

ಬಿಳಿಮುಳ್ಳೆ ಹಣ್ಣು ಸಿಕ್ಕರೆ ಬಿಡಬೇಡಿ. ಬಟಾಣಿಗಿಂತ ಸ್ವಲ್ಪ ದೊಡ್ಡದು, ಬೆಳ್ಳಗೆ ಗೊಂಚಲು ಗೊಂಚಲಾಗಿರುತ್ತದೆ, ತೆಳು ಸಿಹಿ, ಒಳಗೆಲ್ಲ ಬೀಜ. ಕಾಡುಮಾವಿಗೆ ದೋಟಿ ಹಿಡಿದು ಪೇಚಾಡುವುದು ಬೇಡ. ರಾತ್ರಿ ಗಾಳಿ ಬೀಸಿದ್ದರೆ ಬೆಳಗ್ಗೆ ಬೇಗ ಎದ್ದು ಮರದ ಬುಡಕ್ಕೆ ಹೋಗಿ. ತಡ ಮಾಡಿದರೆ ದನಗಳ ಪಾಲು. ತೊಟ್ಟಿನ ಹತ್ತಿರ ಒತ್ತಿ ಮೊದಲು ಸೊನೆ ಚೆಲ್ಲಿ, ಇಲ್ಲದಿದ್ದರೆ ತುಟಿ ಸುಡುತ್ತದೆ. ಆಮೇಲೆ ಚೆನ್ನಾಗಿ ಹಿಚುಕಿ, ತುದಿ ಕಚ್ಚಿ, ಹೀರುವುದು. ಮೊಣಕೈವರೆಗೆ ರಸ ಇಳಿಯುತ್ತದೆ. ಇಳಿಯಲಿ.

ಗೇರು ಹಣ್ಣು ಕರಾವಳಿ ಕಡೆ ಜಾಸ್ತಿ, ನಮ್ಮಲ್ಲೂ ಅಲ್ಲಲ್ಲಿ ಮರಗಳಿವೆ. ಬೀಜ ಹಣ್ಣಿನ ಹೊರಗೆ ನೇತಾಡುವುದನ್ನು ನೋಡಿ ಪೇಟೆ ಮಕ್ಕಳು ನಂಬುವುದೇ ಇಲ್ಲ. ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದ ಮರ ಇದು ಅಂತ ಹೇಳಿದರೆ 12 ವರ್ಷದವನಿಗೆ ಇಷ್ಟ ಆಗಬಹುದು. ಹಣ್ಣಿಗೆ ಉಪ್ಪು ಹಚ್ಚಿ ತಿನ್ನಿ, ಗಂಟಲು ಕಡಿಮೆ ಕೆರೆಯುತ್ತದೆ. ಹಸಿ ಬೀಜವನ್ನು ಮಾತ್ರ ಹಲ್ಲಿನಿಂದ ಕಚ್ಚಲು ಬಿಡಬೇಡಿ. ಸಿಪ್ಪೆಯ ಎಣ್ಣೆ ಬಾಯಿ ಸುಡುತ್ತದೆ.

ಮನೆಗೆ ತರಬಹುದಾದ ಹಣ್ಣು ಅಂದರೆ ಮುರುಗಲು. ಮಂಗಳೂರು ಕಡೆಯವರ ಪುನರ್ಪುಳಿ. ಅರ್ಧ ಮಾಡಿ, ಬೀಜ ತೆಗೆದು, ಆ ಬಟ್ಟಲಿನಂಥ ಸಿಪ್ಪೆಗೆ ಸಕ್ಕರೆ ತುಂಬಿ, ಗಾಜಿನ ಭರಣಿಯಲ್ಲಿ ಹಾಕಿ ಬಿಸಿಲಿಗೆ ಇಡಬೇಕು. ಮೊದಲ ದಿನ ಸಂಜೆಗೇ ತಳದಲ್ಲಿ ಕೆಂಪು ರಸ ನಿಲ್ಲಲು ಶುರುವಾಗುತ್ತದೆ. ಈ ಕೆಲಸವನ್ನು ಬಂದ ದಿನವೇ ಮಾಡಿ. ದಿನಾ ಭರಣಿ ನೋಡುವುದು ಮಕ್ಕಳಿಗೆ ಒಂದು ಹುಚ್ಚಾಗುತ್ತದೆ. ಬೀಜ ಎಸೆಯಬೇಡಿ, ನೆಂಟರಿಗೆ ಕೊಡಿ. ಅದರಿಂದ ತೆಗೆದ ತುಪ್ಪವನ್ನು ನಮ್ಮಲ್ಲಿ ಒಡೆದ ಹಿಮ್ಮಡಿಗೆ ಹಚ್ಚುತ್ತೇವೆ.

ಹೂವಿನ ವಿಷಯದಲ್ಲಿ ನನಗೆ ಸ್ವಲ್ಪ ಪಕ್ಷಪಾತ ಇದೆ. ಎಲ್ಲರೂ ಕಕ್ಕೆ ಮರದ ಹಳದಿ ಗೊಂಚಲಿನ ಫೋಟೋ ತೆಗೆಯುತ್ತಾರೆ. ತೆಗೆಯಲಿ, ಚೆಂದವೇ. ಹಳ್ಳದ ದಂಡೆಯ ಹೊಳೆದಾಸವಾಳವೂ ದೂರದಿಂದಲೇ ಕಾಣುತ್ತದೆ, ತಿಳಿ ನೇರಳೆ. ಮಹಾರಾಷ್ಟ್ರದ ರಾಜ್ಯಪುಷ್ಪ ಅದು. ಆದರೆ ನಿಮ್ಮ ಮಕ್ಕಳಿಗೆ ನಾನು ತೋರಿಸುವುದಾದರೆ ನೆಲಸಂಪಿಗೆಯನ್ನು. ಒಂದೆರಡು ಅಡ್ಡಮಳೆ ಬಿದ್ದ ಮೇಲೆ ಬರುತ್ತದೆ. ಎಲೆ ಇಲ್ಲ, ಕಾಂಡ ಇಲ್ಲ, ಮಣ್ಣಿನಿಂದ ನೇರವಾಗಿ ಹೂವು. ಬಿಳಿ ಎಸಳು, ಕೆಳಗಿನ ಎಸಳಿಗೆ ನೇರಳೆ ಬಣ್ಣ. ಪರಿಮಳ ನೋಡಬೇಕು ಅಂದರೆ ಮಂಡಿಯೂರಿ, ಮೂಗನ್ನು ನೆಲಕ್ಕೆ ತರಬೇಕು. ಎಲೆ ಬರುವುದು ಹೂವಾದ ಮೇಲೆ. ಹಾಗಾಗಿ ಹುಡುಕುವುದಕ್ಕೆ ಗುರುತೇ ಇರುವುದಿಲ್ಲ, ಕಾಲ ಕೆಳಗೆ ನೋಡಿಕೊಂಡು ನಡೆಯಬೇಕು ಅಷ್ಟೆ.

ಕೇಪಳದ ಕೆಂಪು ಹೂವನ್ನು ಕಿತ್ತು, ತುದಿಯಿಂದ ಜೇನು ಹೀರುವುದನ್ನು ನೆಂಟರ ಮಕ್ಕಳು ಹೇಳಿಕೊಡುತ್ತಾರೆ. ಕೊಡಸಿಗೆಯ ಬಿಳಿ ಹೂವನ್ನು ಹೆಕ್ಕಿ ತಂದುಕೊಟ್ಟರೆ ನಿಮ್ಮ ನೆಂಟರ ಮನೆಯ ಅಜ್ಜಿ ಖುಷಿಯಾಗುತ್ತಾರೆ, ಮಧ್ಯಾಹ್ನಕ್ಕೆ ತಂಬುಳಿ ಸಿಕ್ಕರೂ ಸಿಗಬಹುದು. ಸುರಗಿ ಅಷ್ಟೊತ್ತಿಗೆ ಮುಗಿದಿರುತ್ತದೆ, ಆದರೆ ಒಣಗಿದ ದಂಡೆ ದೇವರ ಕೋಣೆಯಲ್ಲಿ ಇದ್ದರೆ ಮೂಸಿ ನೋಡಿ, ಪರಿಮಳ ಹೋಗಿರುವುದಿಲ್ಲ. ಮರದ ಮೇಲೆ ಸೀತಾಳೆ ದಂಡೆ ಅನ್ನುವ ಆರ್ಕಿಡ್ ಅರಳಿದ್ದರೆ ಮಾತ್ರ ಕೀಳಬೇಡಿ. ಅದು ಮಳೆಗಾಲದ ಬಾಗಿಲಲ್ಲಿ ಅರಳುವ ಹೂವು, ನಿಮಗೆ ಸಿಕ್ಕರೆ ಅದೃಷ್ಟ.

ಇನ್ನು ಬೆಕ್ಕು. ನೀವು ಬೆಕ್ಕಿನ ಬಗ್ಗೆ ಕೇಳಿಲ್ಲ, ಆದರೂ ಹೇಳುತ್ತೇನೆ. ಹಳ್ಳಿ ಮನೆಗೆ ಮಕ್ಕಳು ಬಂದರೆ ಬೆಕ್ಕು ಅವರ ಹಿಂದೆ ಬಂದೇ ಬರುತ್ತದೆ. ನಮ್ಮ ಮನೆಯದು ಗಂಡುಬೆಕ್ಕು, ಮಾಳ ಅಂತಲೇ ಕರೆಯುತ್ತೇವೆ. ನಾವು ಬೆಟ್ಟಕ್ಕೆ ಹೊರಟರೆ ತನಗೇನೂ ಸಂಬಂಧ ಇಲ್ಲದವನ ಹಾಗೆ ದೂರದಲ್ಲಿ ಬರುತ್ತಾನೆ. ನಾವು ಕೊಯ್ದ ಹಣ್ಣು ಎಲ್ಲವನ್ನೂ ಮೂಸಲೇಬೇಕು. ಮೂಸಿ, ಮುಖ ತಿರುಗಿಸಿ, ಮುಂದಿನದಕ್ಕೆ ಕಾಯುತ್ತಾನೆ. ಬೆಕ್ಕುಗಳ ನಾಲಿಗೆಗೆ ಸಿಹಿ ಗೊತ್ತೇ ಆಗುವುದಿಲ್ಲ, ಅದಕ್ಕೆ ಬೇಕಾದ ವಂಶವಾಹಿ ಅವಕ್ಕೆ ಕೆಟ್ಟುಹೋಗಿದೆ. ಹಾಗಾದರೆ ಮೂಸುವುದು ಯಾಕೆ? ಸುಮ್ನೆ.

ತೋಟದ ಕಾಲುವೆ ಪಕ್ಕ ನಾಚಿಕೆ ಮುಳ್ಳು ಇದೆ. ಮಾಳ ಮುಂಗಾಲಿನಿಂದ ಒಂದು ಎಲೆಯನ್ನು ಮೆಲ್ಲಗೆ ಮುಟ್ಟುತ್ತಾನೆ. ಎಲೆ ಮುದುಡುತ್ತದೆ. ಕಾಲು ಹಿಂದಕ್ಕೆ ಎಳೆದುಕೊಂಡು, ಕಿವಿ ಮುಂದೆ ಮಾಡಿ ನೋಡುತ್ತಾನೆ. ಇನ್ನೊಂದು ಎಲೆ. ಅದೂ ಮುದುಡಿತು. ಅಲ್ಲಿರುವುದು ಪ್ರಾಣಿ ಅಂತ ತೀರ್ಮಾನ ಮಾಡಿ ಬಾಲ ಬೀಸುತ್ತಾನೆ. ಇದನ್ನು ನೋಡುತ್ತಾ ಕುಳಿತ ಮಕ್ಕಳು ಅರ್ಧ ಗಂಟೆ ಮಾತಾಡಿದ್ದಿಲ್ಲ, ಅಷ್ಟು ಹೊತ್ತು ಅವರು ಸುಮ್ಮನಿದ್ದದ್ದು ನಮ್ಮ ಮನೆಯಲ್ಲಿ ದಾಖಲೆ.

ಬೆಕ್ಕು ನಿಂತು ಮೇಲೆ ನೋಡುತ್ತಿದ್ದರೆ ನೀವೂ ನೋಡಿ. ನಾವು ಹಾರುವ ಓತಿ ಕಂಡಿದ್ದು ಹಾಗೆಯೇ. ಅಡಿಕೆ ಮರದ ಬೂದು ಕಾಂಡದಲ್ಲಿ ಅದು ಇರುವುದೇ ಗೊತ್ತಾಗುವುದಿಲ್ಲ. ಗಂಡು ಓತಿ ಗಂಟಲಿನ ಹಳದಿ ಚರ್ಮವನ್ನು ಪಟಕ್ಕನೆ ಹೊರಗೆ ಚಾಚಿ ಮಡಚಿದಾಗ ಮಾತ್ರ ಕಣ್ಣಿಗೆ ಬೀಳುತ್ತದೆ. ಮಾಳ ಬುಡಕ್ಕೆ ಬಂದ, ಅದು ಪಕ್ಕದ ಮರಕ್ಕೆ ತೇಲಿಕೊಂಡು ಹೋಯಿತು. ಬೆಕ್ಕು ಬಾಲ ದಪ್ಪ ಮಾಡಿ ತರಗೆಲೆ ಕಡೆ ದಿಟ್ಟಿಸುತ್ತಿದ್ದರೆ ಮಾತ್ರ ಹತ್ತಿರ ಹೋಗಬೇಡಿ, ಹಾವಿರಬಹುದು.

ಹೆದರಿಸುವುದಕ್ಕೆ ಅಲ್ಲ, ಆದರೆ ಇದನ್ನು ಹೇಳದೆ ಉತ್ತರ ಮುಗಿಸಲು ಆಗುವುದಿಲ್ಲ. ಮಂಗನ ಕಾಯಿಲೆ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಜ್ವರ ಇದು, ನಮ್ಮ ತಾಲೂಕಲ್ಲೂ ಬಂದಿದೆ. ಹರಡುವುದು ರಕ್ತ ಹೀರುವ ಉಣುಗಿನಿಂದ, ಬೇಸಿಗೆ ಮುಗಿಯುವವರೆಗೂ ಅದರ ಕಾಲ. ಬರುವ ಮೊದಲು ನೆಂಟರಿಗೆ ಫೋನ್ ಮಾಡಿ ಕೇಳಿ: ಈ ವರ್ಷ ಸುತ್ತಮುತ್ತ ಯಾರಿಗಾದರೂ ಬಂದಿದೆಯಾ, ಮಂಗ ಸತ್ತು ಬಿದ್ದಿದೆಯಾ? ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ. ಹೌದು ಅಂದರೆ ಬೆಟ್ಟ ಬೇಡವೇ ಬೇಡ, ಅಂಗಳದ ಹಣ್ಣಿಗೇ ತೃಪ್ತಿಪಡಿ. ಇಲ್ಲ ಅಂದರೂ ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟು ಹಾಕಿಸಿ. ಉಣುಗು ಹತ್ತದ ಹಾಗೆ ಆರೋಗ್ಯ ಕೇಂದ್ರದಲ್ಲಿ ಕೊಡುವ ಡೇಪಾ ಎಣ್ಣೆ ಸಿಕ್ಕರೆ ಹಚ್ಚಿ. ಮಕ್ಕಳನ್ನು ತರಗೆಲೆ ರಾಶಿಯ ಮೇಲೆ ಕೂರಿಸಬೇಡಿ. ವಾಪಸ್ ಬಂದ ತಕ್ಷಣ ಬಿಸಿನೀರಿನ ಸ್ನಾನ, ಬಟ್ಟೆ ನೇರ ಬಕೆಟ್ಟಿಗೆ. ಬೆಕ್ಕನ್ನು ಹಾಸಿಗೆಗೆ ಬಿಟ್ಟುಕೊಳ್ಳುವ ಮೊದಲು ಅದರ ಕಿವಿ ಸಂದಿಯನ್ನೂ ನೋಡಿ.

ಗೊತ್ತಿರುವವರು ಜೊತೆಗಿಲ್ಲದೆ ಯಾವ ಹಣ್ಣನ್ನೂ ಬಾಯಿಗೆ ಹಾಕಬೇಡಿ. ಕಾಸರಕದ ಹಣ್ಣು ಕಿತ್ತಳೆ ಬಣ್ಣದಲ್ಲಿ ದುಂಡಗೆ, ತಿನ್ನು ಅನ್ನುವ ಹಾಗೇ ಇರುತ್ತದೆ. ಅದರ ಬೀಜ ಘೋರ ವಿಷ. ಗುಲಗಂಜಿಯೂ ಅಷ್ಟೇ, ಜೇಬಿಗೆ ಹಾಕಿಕೊಳ್ಳುವಷ್ಟು ಚೆಂದ, ಬಾಯಿಗೆ ಅಲ್ಲ. ಮಾವಿನ ಕೊಂಬೆಯಲ್ಲಿ ಎಲೆಗಳನ್ನು ಸೇರಿಸಿ ಹೊಲಿದ ಉಂಡೆ ಕಂಡರೆ ಅದು ಚಗಳಿ ಗೂಡು, ಕಚ್ಚುವ ಕೆಂಪಿರುವೆಯದು. ನಮ್ಮಲ್ಲಿ ಚಗಳಿ ಚಟ್ನಿ ಮಾಡುವವರಿದ್ದಾರೆ. ನಿಮ್ಮ ಮಕ್ಕಳು ದೋಟಿಯಿಂದ ಕೆದಕಿದರೆ ಚಟ್ನಿ ಆಗುವುದು ಅವರೇ.

ಹಳೇ ಬಟ್ಟೆ ತನ್ನಿ, ಗೇರಿನ ಕಲೆ ಯಾವ ಸೋಪಿಗೂ ಹೋಗಲ್ಲ. ಮತ್ತೆ, ಆ ಹೊತ್ತಿಗೆ ಅಟ್ಟದ ಮೇಲೆ ಬೆಕ್ಕಿನ ಮರಿಗಳಿರುವ ಮನೆ ಬೇಕಾದಷ್ಟಿವೆ. ಹೊರಡುವ ದಿನ "ಅಪ್ಪಾ, ಒಂದೇ ಒಂದು" ಅಂತ ಶುರುವಾಗುತ್ತದೆ, ನಿಮ್ಮ ನೆಂಟರೂ "ತಗಂಡು ಹೋಗಿ" ಅಂತ ರಟ್ಟಿನ ಪೆಟ್ಟಿಗೆ ಹಿಡಿದೇ ನಿಂತಿರುತ್ತಾರೆ. ಇದಕ್ಕೆ ಹೂಂ ಅನ್ನಬೇಕೋ ಬೇಡವೋ ಅಂತ ಗಂಡ ಹೆಂಡತಿ ಈಗಲೇ ಮಾತಾಡಿಕೊಂಡು ಬನ್ನಿ.