ಮೀಟರ್ ತೋರಿಸಿದ್ದು ನಿಜವಾ? ಇನ್‌ಸ್ಟ್ರುಮೆಂಟ್ ಕೆಲಸ ಕಲಿಯುವವರ ಪ್ರಶ್ನೆಗಳು

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ಮೇಲೆ ಐಟಿಐ ಬಗ್ಗೆ ಕಾಗದಗಳು ಜಾಸ್ತಿ ಬರುತ್ತವೆ. ಈ ಸಲ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ಟ್ರೇಡ್ ಕುರಿತ ಪ್ರಶ್ನೆಗಳನ್ನೇ ಆರಿಸಿಕೊಂಡಿದ್ದೇನೆ. ನಾನು ಇದೇ ಕೆಲಸ ಮಾಡಿ, ಆಮೇಲೆ ಇದನ್ನೇ ಕಲಿಸಿದವನು.

ಪ್ರಶ್ನೆ: ಮಗ ಎಸ್‌ಎಸ್‌ಎಲ್‌ಸಿ ಪಾಸಾಗಿದ್ದಾನೆ. ಗಣಿತ, ವಿಜ್ಞಾನ ಪರವಾಗಿಲ್ಲ. ಎಲೆಕ್ಟ್ರಿಷಿಯನ್ ಟ್ರೇಡಿಗೆ ಸೇರಿಸೋಣ ಅಂತಿದ್ದೆವು. ಯಾರೋ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ಒಳ್ಳೆಯದು ಅಂದರು. ಅದೇನು ಕೆಲಸ ಅಂತ ನಮ್ಮ ಊರಲ್ಲಿ ಯಾರಿಗೂ ಗೊತ್ತಿಲ್ಲ. — ಓದುಗರು, ಕೊಪ್ಪಳ

ನಿಮಗೆ ಹತ್ತಿರದ ತೋರಣಗಲ್ಲಿನಿಂದಲೇ ಶುರು ಮಾಡುತ್ತೇನೆ. ಅಲ್ಲಿ ಉಕ್ಕಿನ ಕುಲುಮೆ ಎಷ್ಟು ಕಾದಿದೆ ಅಂತ ಯಾರೂ ಕೈಯಿಟ್ಟು ನೋಡುವ ಹಾಗಿಲ್ಲ. ಶಕ್ತಿನಗರದ ರಾಯಚೂರು ಶಾಖೋತ್ಪನ್ನ ಸ್ಥಾವರದಲ್ಲಿ ಬಾಯ್ಲರ್ ಡ್ರಮ್ಮಿನಲ್ಲಿ ನೀರು ಎಷ್ಟಿದೆ ಅಂತ ಮುಚ್ಚಳ ತೆಗೆದು ಇಣುಕುವ ಹಾಗಿಲ್ಲ. ಬಿಸಿ, ಒತ್ತಡ, ಮಟ್ಟ, ಹರಿವು, ಈ ನಾಲ್ಕನ್ನು ಒಳಗಿನಿಂದ ಅಳೆದು ಕಂಟ್ರೋಲ್ ರೂಮಿಗೆ ಕಳಿಸಬೇಕು, ಅಲ್ಲಿಂದ ಬಂದ ಹುಕುಮಿನ ಪ್ರಕಾರ ವಾಲ್ವ್ ತೆರೆಯಬೇಕು, ಮುಚ್ಚಬೇಕು. ಲೂಪ್ ಅನ್ನುವ ಈ ಇಡೀ ಸಾಲನ್ನು ಸರಿಯಾಗಿ ಇಟ್ಟುಕೊಳ್ಳುವವನೇ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್. ಎಲೆಕ್ಟ್ರಿಷಿಯನ್ ಮೋಟಾರಿಗೆ ಕರೆಂಟ್ ಕೊಡುತ್ತಾನೆ. ಮೋಟಾರ್ ಎಷ್ಟು ಹೊತ್ತಿಗೆ ನಿಲ್ಲಬೇಕು ಅಂತ ಹೇಳುವ ಕಣ್ಣು, ಕಿವಿ ಇವನ ಕೈಯಲ್ಲಿರುತ್ತವೆ.

ಟ್ರೇಡ್ ಎರಡು ವರ್ಷದ್ದು. ಹತ್ತನೇ ತರಗತಿಯಲ್ಲಿ ವಿಜ್ಞಾನ, ಗಣಿತ ಓದಿರಬೇಕು. ಕೆಮಿಕಲ್ ಪ್ಲಾಂಟ್ ಅಂತ ಹೆಸರಿಗೆ ಸೇರಿಸಿದ ಇನ್ನೊಂದು ಟ್ರೇಡೂ ಇದೆ, ಅದೂ ಎರಡು ವರ್ಷ. ಎಲೆಕ್ಟ್ರಿಷಿಯನ್ ಟ್ರೇಡ್ ಇರುವಷ್ಟು ಐಟಿಐಗಳಲ್ಲಿ ಇದು ಇರುವುದಿಲ್ಲ, ಹುಡುಕಬೇಕಾಗುತ್ತದೆ.

ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ. ಮಗ ಊರಲ್ಲೇ ಇದ್ದು ಮನೆ ವೈರಿಂಗ್, ಪಂಪ್‌ಸೆಟ್ ರಿಪೇರಿ ಮಾಡಿಕೊಂಡು ಸ್ವಂತ ಕೆಲಸ ಮಾಡಬೇಕು ಅಂದರೆ ಎಲೆಕ್ಟ್ರಿಷಿಯನ್ನೇ ಸರಿ. ಇನ್‌ಸ್ಟ್ರುಮೆಂಟ್ ಕೆಲಸ ಊರಲ್ಲಿ ಸಿಗುವುದಿಲ್ಲ, ಕಾರ್ಖಾನೆ ಇದ್ದಲ್ಲಿಗೆ ಹೋಗಬೇಕು. ವಾಡಿ, ಸೇಡಂ ಕಡೆಯ ಸಿಮೆಂಟು, ಬೆಳಗಾವಿ–ಬಾಗಲಕೋಟೆಯ ಸಕ್ಕರೆ, ಮಂಗಳೂರಿನ ಎಂಆರ್‌ಪಿಎಲ್ ರಿಫೈನರಿ (ತೈಲ ಶುದ್ಧೀಕರಣ ಕಾರ್ಖಾನೆ), ನಂಜನಗೂಡು–ಜಿಗಣಿಯ ಔಷಧ ಕಾರ್ಖಾನೆಗಳು, ಹಾಲಿನ ಡೇರಿಗಳು, ಹೀಗೆ. ಶಿಫ್ಟ್ ಇರುತ್ತದೆ, ರಾತ್ರಿ ಪಾಳಿ ಇರುತ್ತದೆ. ಅದಕ್ಕೆ ಅವನು ತಯಾರಿದ್ದರೆ ನನ್ನ ಓಟು ಇನ್‌ಸ್ಟ್ರುಮೆಂಟಿಗೆ.

ಸೇರಿಸುವ ಮುಂಚೆ ಒಂದು ಕೆಲಸ ಮಾಡಿ. ಐಟಿಐಗೆ ಮಗನ ಜೊತೆ ಹೋಗಿ, "ಒಂದು ಲೂಪ್ ಓಡಿಸಿ ತೋರಿಸಿ" ಅಂತ ಕೇಳಿ. ಒಂದು ಸಣ್ಣ ಟ್ಯಾಂಕು, ಪಂಪು, ಟ್ರಾನ್ಸ್‌ಮಿಟರ್ (ಅಳೆದು ಸಿಗ್ನಲ್ ಕಳಿಸುವುದು), ಕಂಟ್ರೋಲರ್ (ಅದನ್ನು ನೋಡಿ ಹುಕುಂ ಕೊಡುವುದು), ಕಂಟ್ರೋಲ್ ವಾಲ್ವ್, ಇಷ್ಟು ಒಟ್ಟಿಗೆ ನೀರು ತುಂಬಿ ಕೆಲಸ ಮಾಡುತ್ತಿದ್ದರೆ ಧೈರ್ಯವಾಗಿ ಸೇರಿಸಿ. ಎಲ್ಲಕ್ಕೂ ಪ್ಲಾಸ್ಟಿಕ್ ಕವರ್ ಹಾಕಿಟ್ಟಿದ್ದರೆ ಇನ್ನೊಂದು ಕಡೆ ನೋಡಿ. ಕಟ್ಟಡದ ಬಣ್ಣ ನೋಡಬೇಡಿ.

ಪ್ರಶ್ನೆ: ನಾನು ಇದೇ ಟ್ರೇಡಿನ ಎರಡನೇ ವರ್ಷದಲ್ಲಿದ್ದೇನೆ. ನಮ್ಮ ಲ್ಯಾಬಿನಲ್ಲಿ ಪ್ರಾಕ್ಟಿಕಲ್ ಕಡಿಮೆ, ರೆಕಾರ್ಡ್ ಬರೆಯುವುದೇ ಜಾಸ್ತಿ. ಇಂಟರ್‌ವ್ಯೂನಲ್ಲಿ ಏನು ಕೇಳುತ್ತಾರೋ ಅಂತ ಹೆದರಿಕೆ. ಹುಡುಗಿಯರನ್ನು ತೆಗೆದುಕೊಳ್ಳುತ್ತಾರಾ ಸರ್? — ವಿದ್ಯಾರ್ಥಿನಿ, ಹಾಸನ

ಕೊನೆಯದಕ್ಕೆ ಮೊದಲು ಉತ್ತರ. ತೆಗೆದುಕೊಳ್ಳುತ್ತಾರೆ. ಕ್ಯಾಲಿಬ್ರೇಶನ್ ಲ್ಯಾಬ್ (ಮೀಟರ್ ಸರಿ ತೋರಿಸುತ್ತದಾ ಅಂತ ಪರೀಕ್ಷಿಸಿ ಸರಿ ಮಾಡುವ ಕಡೆ), ಪ್ಯಾನೆಲ್ ವೈರಿಂಗ್, ಕಂಟ್ರೋಲ್ ರೂಮ್, ಫೀಲ್ಡ್, ಎಲ್ಲಾ ಕಡೆ ಹೆಣ್ಣುಮಕ್ಕಳು ಕೆಲಸ ಮಾಡುವುದನ್ನು ನೋಡಿದ್ದೇನೆ. ಯಾರಾದರೂ ನಿನ್ನನ್ನು ಸುಮ್ನೆ ಕಂಪ್ಯೂಟರ್ ಮುಂದೆ ಕೂರಿಸಿದರೆ "ನನಗೆ ಫೀಲ್ಡಿಗೂ ಹೋಗಬೇಕು" ಅಂತ ಬಾಯಿ ಬಿಟ್ಟು ಕೇಳಮ್ಮ.

ಈಗ ಕಲಿಕೆ. ಲ್ಯಾಬ್ ಸರಿಯಿಲ್ಲದಿದ್ದರೂ ಒಂದು ಮಲ್ಟಿಮೀಟರ್, ಒಂದು ಪಿಟಿ-100 ಸೆನ್ಸರ್ ಇದ್ದರೆ ಸಾಕು, ಬೇಕಾದಷ್ಟು ಕಲಿಯಬಹುದು. ಪಿಟಿ-100 ಅಂದರೆ ಪ್ಲಾಟಿನಂ ತಂತಿ, ಸೊನ್ನೆ ಡಿಗ್ರಿಯಲ್ಲಿ 100 ಓಮ್. ಐಸ್ ಪುಡಿ ಮಾಡಿ ಸ್ವಲ್ಪ ನೀರು ಹಾಕಿ, ಕಲಕಿ, ಅದರಲ್ಲಿ ಸೆನ್ಸರ್ ಇಟ್ಟು ಅಳೆದು ನೋಡು. ಆಮೇಲೆ ಕುದಿಯುವ ನೀರಲ್ಲಿ ಇಡು. ಪುಸ್ತಕದ ಟೇಬಲ್ಲಿನಲ್ಲಿ 100 ಡಿಗ್ರಿಗೆ 138.5 ಓಮ್ ಅಂತ ಇದೆ. ನಿನಗೆ ಅಷ್ಟು ಬರುವುದಿಲ್ಲ, 137.4ರ ಹತ್ತಿರ ಬರುತ್ತದೆ. ಸೆನ್ಸರ್ ಕೆಟ್ಟಿದೆ ಅಂದುಕೊಳ್ಳಬೇಡ. ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಮೇಲಿದೆ, ಅಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ! ಮಂಗಳೂರಿನ ಹುಡುಗ ಇದೇ ಪ್ರಯೋಗ ಮಾಡಿದರೆ ಅವನಿಗೆ 138.5 ಸಿಗುತ್ತದೆ. ಒಂದು ಅರ್ಧ ಓಮ್ ಜಾಸ್ತಿ ಬಂದರೆ ಅದು ನಿನ್ನ ಮೀಟರಿನ ವೈರಿನದು. ಎರಡು ಪ್ರೋಬನ್ನು ಒಂದಕ್ಕೊಂದು ತಾಗಿಸಿ ಎಷ್ಟು ತೋರಿಸುತ್ತದೆ ನೋಡಿ ಕಳೆದುಬಿಡು. ಕಾರ್ಖಾನೆಯಲ್ಲಿ ಈ ಸೆನ್ಸರಿಗೆ ಯಾಕೆ ಮೂರು ವೈರು ಎಳೆಯುತ್ತಾರೆ ಅನ್ನುವುದು ಆ ಅರ್ಧ ಓಮಿನಲ್ಲೇ ನಿನಗೆ ಗೊತ್ತಾಗುತ್ತದೆ. ರೆಕಾರ್ಡಿನಲ್ಲಿ ಹತ್ತು ಸಲ ಬರೆದರೂ ಅದು ತಲೆಗೆ ಹೋಗಿರುವುದಿಲ್ಲ.

ಇಂಟರ್‌ವ್ಯೂನಲ್ಲಿ ತಪ್ಪದೆ ಬರುವ ಪ್ರಶ್ನೆ: ಸಿಗ್ನಲ್ 4ರಿಂದ 20 ಮಿಲಿ ಆಂಪ್ ಯಾಕೆ, ಸೊನ್ನೆಯಿಂದ ಯಾಕಲ್ಲ? ವೈರು ಕಡಿದರೆ ಸೊನ್ನೆ ಬರುತ್ತದೆ. ಟ್ಯಾಂಕು ಖಾಲಿ ಇದ್ದಾಗಲೂ ಸೊನ್ನೆಯೇ ಬರುವ ಹಾಗಿದ್ದರೆ ಇದು ವೈರು ಕಡಿದದ್ದಾ, ಟ್ಯಾಂಕು ಖಾಲಿಯಾದದ್ದಾ ಅಂತ ಹೇಗೆ ತಿಳಿಯುವುದು? ಅದಕ್ಕೆ ಖಾಲಿ ಅಂದರೆ 4, ತುಂಬಿದರೆ 20. ಎರಡನೇ ಪ್ರಶ್ನೆ, 250 ಓಮ್ ರೆಸಿಸ್ಟರ್ ಹಾಕಿದರೆ ಎಷ್ಟು ವೋಲ್ಟ್? 1ರಿಂದ 5. ಮೂರನೆಯದರಲ್ಲಿ ಸುಮಾರು ಜನ ಎಡವುತ್ತಾರೆ. ಆರಿಫೈಸ್ ಪ್ಲೇಟಿನ (ಹರಿವು ಅಳೆಯಲು ಕೊಳವೆಯಲ್ಲಿ ಇಡುವ ತೂತಿನ ತಟ್ಟೆ) ಡಿಪಿ ಟ್ರಾನ್ಸ್‌ಮಿಟರ್ (ತಟ್ಟೆಯ ಎರಡು ಕಡೆಯ ಒತ್ತಡದ ವ್ಯತ್ಯಾಸ ಅಳೆಯುವುದು), ಆ ವ್ಯತ್ಯಾಸವನ್ನು ಹರಿವಿಗೆ ಬದಲಿಸುವ ಸ್ಕ್ವೇರ್ ರೂಟ್ (ವರ್ಗಮೂಲ) ಅದರಲ್ಲಿ ಹಾಕಿಲ್ಲ, ಹರಿವು ಅರ್ಧ ಆದರೆ ಎಷ್ಟು ಮಿಲಿ ಆಂಪ್? ಎಲ್ಲರೂ 12 ಅನ್ನುತ್ತಾರೆ. ಹರಿವು ಅರ್ಧ ಆದರೆ ಒತ್ತಡದ ವ್ಯತ್ಯಾಸ ಕಾಲು ಭಾಗ ಆಗುತ್ತದೆ, ಹಾಗಾಗಿ 8. ಇದನ್ನು ಬಾಯಿಪಾಠ ಮಾಡದೆ ಕಾಗದದ ಮೇಲೆ ಒಂದು ಸಲ ಲೆಕ್ಕ ಮಾಡು, ಸಾಯೋವರೆಗೆ ಮರೆಯುವುದಿಲ್ಲ.

ಪ್ರಶ್ನೆ: ಸಕ್ಕರೆ ಕಾರ್ಖಾನೆಯಲ್ಲಿ ಅಪ್ರೆಂಟಿಸ್. ಡ್ರಮ್ ಲೆವೆಲ್ ಟ್ರಾನ್ಸ್‌ಮಿಟರ್ ನೋಡು ಅಂದರು. ಮ್ಯಾನಿಫೋಲ್ಡಿನ (ಟ್ರಾನ್ಸ್‌ಮಿಟರಿಗೆ ಜೋಡಿಸಿದ ವಾಲ್ವುಗಳ ಗುಂಪು) ನಡುವಿನ ವಾಲ್ವ್ ತೆರೆದೆ. ಸ್ವಲ್ಪ ಹೊತ್ತಿಗೆ ಬಾಯ್ಲರ್ ಟ್ರಿಪ್ ಆಯಿತು (ತಾನಾಗೇ ನಿಂತಿತು). ಕಬ್ಬು ನುರಿಸುವುದು ನಿಂತಿತು. ಎಲ್ಲರೂ ಬೈದರು, ಏನು ತಪ್ಪಾಯಿತು ಅಂತ ಮಾತ್ರ ಯಾರೂ ಹೇಳಲಿಲ್ಲ. ಬಿಟ್ಟುಬಿಡಲಾ? — ಬಾಗಲಕೋಟೆ ಜಿಲ್ಲೆ

ಬಿಡಬೇಡ ತಮ್ಮಾ. ಏನಾಯಿತು ಅಂತ ನಾನು ಹೇಳುತ್ತೇನೆ.

ಆ ಟ್ರಾನ್ಸ್‌ಮಿಟರಿಗೆ ಎರಡು ಕೊಳವೆ ಬರುತ್ತವಲ್ಲ, ಮೇಲಿನದರಲ್ಲಿ ಯಾವಾಗಲೂ ನೀರು ತುಂಬಿರುತ್ತದೆ. ಅದಕ್ಕೆ ವೆಟ್ ಲೆಗ್ ಅನ್ನುತ್ತಾರೆ. ಡ್ರಮ್ಮಿನಲ್ಲಿ ನೀರು ಕಡಿಮೆ ಇದ್ದಾಗ ಎರಡು ಕೊಳವೆಗಳ ಒತ್ತಡದಲ್ಲಿ ವ್ಯತ್ಯಾಸ ಜಾಸ್ತಿ, ಡ್ರಮ್ ತುಂಬುತ್ತಾ ಬಂದ ಹಾಗೆ ವ್ಯತ್ಯಾಸ ಕಡಿಮೆಯಾಗುತ್ತದೆ. ನೀನು ನಡುವಿನ ಈಕ್ವಲೈಸಿಂಗ್ ವಾಲ್ವ್ ತೆರೆದೆ, ವ್ಯತ್ಯಾಸ ಸೊನ್ನೆ ಆಯಿತು. ಟ್ರಾನ್ಸ್‌ಮಿಟರ್ ಪಾಪ "ಡ್ರಮ್ ತುಂಬಿಹೋಗಿದೆ" ಅಂತ ಹೇಳಿತು. ಕಂಟ್ರೋಲರ್ ಅದನ್ನು ನಂಬಿ ಫೀಡ್ ವಾಟರ್ ವಾಲ್ವ್ ಮುಚ್ಚಿತು. ಒಳಗೆ ನೀರು ಹಬೆಯಾಗಿ ಹೋಗುತ್ತಲೇ ಇತ್ತು, ಹೊಸ ನೀರು ಬರಲಿಲ್ಲ. ನೀರು ಇಳಿದದ್ದನ್ನು ಬೇರೆ ಸೆನ್ಸರ್ ಹಿಡಿದಿರಬೇಕು, ಲೋ ಲೆವೆಲ್ಲಿನಲ್ಲಿ ಬಾಯ್ಲರ್ ಟ್ರಿಪ್. ಟ್ರಿಪ್ ಆಗಿದ್ದೇ ಒಳ್ಳೆಯದಾಯಿತು. ನೀರಿಲ್ಲದ ಟ್ಯೂಬುಗಳಿಗೆ ಬೆಂಕಿ ತಾಗಿದ್ದರೆ ಏನಾಗುತ್ತಿತ್ತು ಅಂತ ಯೋಚಿಸು.

ಇನ್ನೊಂದು ತಪ್ಪೂ ಇದೆ. ಎರಡೂ ಕಡೆಯ ವಾಲ್ವ್ ಮುಚ್ಚದೆ ನಡುವಿನದನ್ನು ತೆರೆದರೆ ವೆಟ್ ಲೆಗ್ಗಿನ ನೀರು ಆ ಕಡೆ ಇಳಿದುಹೋಗುತ್ತದೆ. ಮತ್ತೆ ತುಂಬುವವರೆಗೆ ರೀಡಿಂಗ್ ಸುಳ್ಳೇ.

ಟ್ರಾನ್ಸ್‌ಮಿಟರಿಗೆ ಕೈ ಹಾಕುವ ಮುಂಚೆ ಪರ್ಮಿಟ್ ಬೇಕು. ಕಂಟ್ರೋಲ್ ರೂಮಿಗೆ ಟ್ಯಾಗ್ ನಂಬರ್ (ಉಪಕರಣದ ಗುರುತಿನ ನಂಬರ್) ಹೇಳಿ, ಅವರು ಅದೇ ನಂಬರ್ ತಿರುಗಿ ಹೇಳುವವರೆಗೆ ಕಾಯಬೇಕು. ಲೂಪನ್ನು ಆಟೋದಿಂದ ಮ್ಯಾನುಯಲ್‌ಗೆ ಹಾಕಿಸಬೇಕು. ಆ ಸಿಗ್ನಲ್ ಟ್ರಿಪ್ಪಿಗೂ ಹೋಗುತ್ತಿದ್ದರೆ ಬೈಪಾಸಿಗೆ (ಸ್ವಲ್ಪ ಹೊತ್ತು ಆ ಟ್ರಿಪ್ ಆಗದ ಹಾಗೆ ಮಾಡುವುದಕ್ಕೆ) ಬರವಣಿಗೆಯಲ್ಲಿ ಒಪ್ಪಿಗೆ ಬೇಕು, ಕೆಲಸ ಮುಗಿದ ತಕ್ಷಣ ಬೈಪಾಸ್ ತೆಗೆಸಬೇಕು. ಸೀನಿಯರ್ "ಬೇಗ ಮಾಡೋ" ಅಂತ ಅವಸರ ಮಾಡಿದರೂ ಈ ನಾಲ್ಕನ್ನು ಬಿಡಬೇಡ. ಒಬ್ಬ ಅಪ್ರೆಂಟಿಸನ್ನು ಒಬ್ಬನೇ ಆ ಟ್ರಾನ್ಸ್‌ಮಿಟರಿಗೆ ಕಳಿಸಿದ್ದು ಅವರ ತಪ್ಪು, ಅದನ್ನು ನಾನು ಸ್ಪಷ್ಟವಾಗಿ ಹೇಳುತ್ತೇನೆ. 1961ರ ಅಪ್ರೆಂಟಿಸ್ ಕಾಯ್ದೆ ನಿನ್ನನ್ನು ಅಲ್ಲಿ ಕಲಿಯುವವನು ಅಂತಲೇ ಕರೆಯುತ್ತದೆ.

ನನಗೂ ಇದು ಆಗಿದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಒಂದು ಕಾರ್ಖಾನೆಯಲ್ಲಿ, ಪಕ್ಕದ ಲೈನಿನ ಟ್ರಾನ್ಸ್‌ಮಿಟರ್ ಬಿಚ್ಚಿಬಿಟ್ಟಿದ್ದೆ. ಟ್ಯಾಗ್ ಪ್ಲೇಟಿನ ಮೇಲೆ ಗ್ರೀಸ್ ಕೂತಿತ್ತು, ಒರೆಸಿ ಓದಲಿಲ್ಲ. ಅವತ್ತಿನಿಂದ ಜೇಬಿನಲ್ಲಿ ಒಂದು ಬಟ್ಟೆ ತುಂಡು ಇಟ್ಟುಕೊಳ್ಳುತ್ತೇನೆ.

ಪ್ರಶ್ನೆ: ಡಿಪ್ಲೊಮಾ ಮುಗಿಸಿದ್ದೇನೆ. ಪಿಎಲ್‌ಸಿ (ಯಂತ್ರ ನಡೆಸುವ ಕಾರ್ಖಾನೆಯ ಕಂಪ್ಯೂಟರ್), ಸ್ಕಾಡಾ (ಪರದೆಯ ಮೇಲೆ ಎಲ್ಲಾ ಯಂತ್ರ ನೋಡಿ ನಡೆಸುವ ವ್ಯವಸ್ಥೆ) ಒಂದು ತಿಂಗಳ ಕೋರ್ಸ್, ನೂರಕ್ಕೆ ನೂರು ಕೆಲಸ ಗ್ಯಾರಂಟಿ ಅಂತ ಜಾಹೀರಾತು ಇದೆ. ಸೇರಲಾ? — ಪೀಣ್ಯ, ಬೆಂಗಳೂರು

ಗ್ಯಾರಂಟಿ ಅನ್ನುವ ಮಾತನ್ನು ನಂಬಬೇಡಿ. ಪಿಎಲ್‌ಸಿ ಕಲಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಅಮೆರಿಕದ ಕಾರು ಕಾರ್ಖಾನೆಗಳಲ್ಲಿ ಗೋಡೆ ತುಂಬ ಇದ್ದ ರಿಲೇಗಳನ್ನು (ಕರೆಂಟಿನಿಂದ ಆನ್, ಆಫ್ ಆಗುವ ಸ್ವಿಚ್ಚುಗಳು) ತೆಗೆದುಹಾಕಲು 1960ರ ದಶಕದ ಕೊನೆಯಲ್ಲಿ ಹುಟ್ಟಿದ್ದು ಅದು. ಪಿಎಲ್‌ಸಿ ಪ್ರೋಗ್ರಾಂ ಬರೆಯುವ ಲ್ಯಾಡರ್ ಚಿತ್ರ ರಿಲೇ ಚಿತ್ರದ ಹಾಗೇ ಕಾಣುವುದು ಅದಕ್ಕೇ, ಎಲೆಕ್ಟ್ರಿಷಿಯನ್ನರಿಗೆ ಅರ್ಥವಾಗಲಿ ಅಂತ. ಫೀಸ್ ಕಟ್ಟುವ ಮುಂಚೆ ಕೇಳಿ: ಒಬ್ಬೊಬ್ಬರ ಕೈಗೆ ನಿಜವಾದ ಪಿಎಲ್‌ಸಿ ಎಷ್ಟು ಗಂಟೆ ಸಿಗುತ್ತದೆ? ಅನಲಾಗ್ ಇನ್‌ಪುಟ್ ಕಾರ್ಡಿಗೆ ಟ್ರಾನ್ಸ್‌ಮಿಟರ್ ಜೋಡಿಸಿ ಸ್ಕೇಲಿಂಗ್ (ಸಿಗ್ನಲನ್ನು ನಿಜವಾದ ಅಳತೆಯ ಅಂಕಿಗೆ ಬದಲಿಸುವುದು) ಮಾಡಿಸುತ್ತಾರಾ? ಬರೀ ಕಂಪ್ಯೂಟರಿನ ಸಿಮ್ಯುಲೇಟರ್ ಆದರೆ ಮನೆಯಲ್ಲೇ ಮಾಡಬಹುದು. ಸರ್ಕಾರದ ಜಿಟಿಟಿಸಿಯಲ್ಲಿ (ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಏನೇನು ಅಲ್ಪಾವಧಿ ಕೋರ್ಸುಗಳಿವೆ ಅಂತಲೂ ಒಮ್ಮೆ ವಿಚಾರಿಸಿ.

ಪ್ರಶ್ನೆ: ಎರಡು ವರ್ಷದ ಐಟಿಐ ಆದ ಮೇಲೆ ಡಿಪ್ಲೊಮಾ ಮಾಡಬಹುದಾ? — ಶಿರಸಿ

ಮಾಡಬಹುದು, ನೇರವಾಗಿ ಎರಡನೇ ವರ್ಷಕ್ಕೇ ಪ್ರವೇಶ ಸಿಗುತ್ತದೆ. ಗಣಿತ ಮಾತ್ರ ಈಗಿನಿಂದಲೇ ಓದಿ, ಅಲ್ಲೇ ಎಲ್ಲರೂ ಒದ್ದಾಡುವುದು.

ಪ್ರಶ್ನೆ: ಕೆಲಸಕ್ಕೆ ಸೇರಿ ಎಂಟು ತಿಂಗಳು. ದಿನಕ್ಕೆ ಇಪ್ಪತ್ತು ಟ್ರಾನ್ಸ್‌ಮಿಟರ್ ಕ್ಯಾಲಿಬ್ರೇಶನ್ ಅಂತ ಪಟ್ಟಿ ಕೊಡುತ್ತಾರೆ. ಆಗುವುದು ಆರೋ ಏಳೋ. ಉಳಿದದ್ದಕ್ಕೆ ಶೀಟ್ ತುಂಬಿಸಿಬಿಡು, ಎಲ್ಲರೂ ಹಾಗೇ ಮಾಡೋದು ಅನ್ನುತ್ತಾರೆ. — ಹೆಸರು, ಊರು ಬೇಡ

ನಿಮ್ಮ ಕಾಗದ ಓದಿ ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಸ್ ಸಿಟಿಯ ಬಿಪಿ ರಿಫೈನರಿಯಲ್ಲಿ ತೈಲದ ಅಂಶಗಳನ್ನು ಬೇರ್ಪಡಿಸುವ ಒಂದು ಟವರನ್ನು ಮತ್ತೆ ಚಾಲೂ ಮಾಡುತ್ತಿದ್ದರು. ತಳದ ಲೆವೆಲ್ ಟ್ರಾನ್ಸ್‌ಮಿಟರ್ ದ್ರವ 10 ಅಡಿಗಿಂತ ಕಡಿಮೆ ಇದೆ, ನಿಧಾನವಾಗಿ ಇಳಿಯುತ್ತಿದೆ ಅಂತ ತೋರಿಸುತ್ತಿತ್ತು. ನಿಜವಾಗಿ ದ್ರವ 158 ಅಡಿಯವರೆಗೆ ಏರಿತ್ತು. ಆ ಟ್ರಾನ್ಸ್‌ಮಿಟರಿನ ಕ್ಯಾಲಿಬ್ರೇಶನ್ ತಪ್ಪಿತ್ತು, ಅದರ ಹಾಳೆಯಲ್ಲಿದ್ದ ದ್ರವದ ಸಾಂದ್ರತೆ ಹಳೆಯ ಕಾಲದ್ದು. ದ್ರವದಲ್ಲಿ ಪೂರ್ತಿ ಮುಳುಗಿದ ಡಿಸ್‌ಪ್ಲೇಸರ್ (ದ್ರವ ತನ್ನನ್ನು ಎಷ್ಟು ಎತ್ತುತ್ತದೆ ಅನ್ನುವುದರಿಂದ ಮಟ್ಟ ಹೇಳುವ ತೂಕ), ದ್ರವ ಬಿಸಿಯಾಗಿ ಹಗುರಾದ ಹಾಗೆ, ಮಟ್ಟ ಇಳಿಯುತ್ತಿದೆ ಅಂತ ಹೇಳಿತು. ಬೇರೆಯಾಗಿದ್ದ ಹೈ ಲೆವೆಲ್ ಅಲಾರಂ ಹೊಡೆಯಲೇ ಇಲ್ಲ. ಉಕ್ಕಿ ಹೊರಬಂದ ದ್ರವಕ್ಕೆ ಬೆಂಕಿ ತಾಗಿ ಸ್ಫೋಟವಾಯಿತು. 15 ಜನ ಸತ್ತರು, 180 ಜನ ಗಾಯಗೊಂಡರು. ಆ ದುರಂತಕ್ಕೆ ಕಾರಣಗಳು ಬಹಳ ಇದ್ದವು, ಆದರೆ ಕಂಟ್ರೋಲ್ ರೂಮಿನಲ್ಲಿ ಕೂತವರಿಗೆ ಕಂಡದ್ದು ಆ ಒಂದು ಸುಳ್ಳು ಅಂಕಿ.

ನೀವು ಕೂತಲ್ಲೇ ತುಂಬಿಸುವ ಶೀಟಿನಲ್ಲಿ 4.00, 8.00, 12.00, 16.00, 20.00 ಅಂತ ಇರುತ್ತದೆ, ಅಲ್ವಾ? ನಿಜವಾಗಿ ಒತ್ತಡ ಕೊಟ್ಟು ಅಳೆದರೆ 4.01, 8.03 ಹೀಗೆ ಬರುತ್ತದೆ. ಮೇಲೇರುವಾಗ ಒಂದು, ಇಳಿಯುವಾಗ ಇನ್ನೊಂದು. ಗೊತ್ತಿರುವವರು ಶೀಟ್ ನೋಡಿದ ಕೂಡಲೇ ಹಿಡಿಯುತ್ತಾರೆ.

ಮಾಡಬೇಕಾದ್ದು ಹೀಗೆ. ಪಟ್ಟಿಯಲ್ಲಿ ಟ್ರಿಪ್ಪಿಗೆ, ಸುರಕ್ಷತೆಗೆ ಸಂಬಂಧಿಸಿದ ಟ್ಯಾಗುಗಳನ್ನು ಮೊದಲು ಮಾಡಿ. ಬಿಚ್ಚುವ ಮುಂಚೆ ಅದು ಎಷ್ಟು ತೋರಿಸುತ್ತಿತ್ತು ಅನ್ನುವುದನ್ನೂ ಬರೆಯಿರಿ, ಸರಿ ಮಾಡಿದ ಮೇಲಿನದಷ್ಟೇ ಸಾಲದು. ಆಗದೇ ಉಳಿದದ್ದರ ಮುಂದೆ "ಬಾಕಿ" ಅಂತ ಬರೆದು ಸಹಿ ಮಾಡಿ ಕೊಡಿ. ಜಗಳ ಬೇಡ. ದಿನಾ ಹದಿಮೂರು "ಬಾಕಿ" ಕಂಡರೆ ಮೇಲಿನವರೇ ಜನ ಕಡಿಮೆ ಇದ್ದಾರೆ ಅಂತ ಒಪ್ಪಿಕೊಳ್ಳಬೇಕಾಗುತ್ತದೆ. ಅಲ್ಲೂ ಒಪ್ಪದಿದ್ದರೆ ಬೇರೆ ಕಡೆ ಕೆಲಸ ಹುಡುಕಿ. ಸುಳ್ಳು ಶೀಟಿಗೆ ನಿಮ್ಮ ಸಹಿ ಮಾತ್ರ ಬೇಡ.

ಪ್ರಶ್ನೆ: ಕಾಗದದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಗಾಳಿಯ ಇನ್‌ಸ್ಟ್ರುಮೆಂಟುಗಳ ಮೇಲೆ ಕೆಲಸ ಮಾಡಿದೆ. ಈಗ ಎಲ್ಲಾ ಸ್ಮಾರ್ಟ್. ಹೊಸ ಹುಡುಗರಿಗೆ ಹೇಳಿಕೊಡು ಅಂದಿದ್ದಾರೆ. ನನ್ನ ಹತ್ತಿರ ಹೇಳಲು ಏನಿದೆ? — ದಾಂಡೇಲಿ

ಅಣ್ಣಾ, ನಿಮ್ಮ 3ರಿಂದ 15 ಪಿಎಸ್‌ಐ ಗಾಳಿಯ ಒತ್ತಡದ ಸಿಗ್ನಲ್ ಮತ್ತು ಅವರ 4ರಿಂದ 20 ಮಿಲಿ ಆಂಪ್, ಎರಡರ ಲೆಕ್ಕವೂ ಒಂದಕ್ಕೆ ಐದು. ಸೊನ್ನೆಯಿಂದ ಶುರು ಮಾಡಬಾರದು ಅನ್ನುವ ಬುದ್ಧಿ ಗಾಳಿಯ ಕಾಲದ್ದೇ. ಇವತ್ತಿಗೂ ಸಿಗ್ನಲ್ ಎಷ್ಟೇ ಸ್ಮಾರ್ಟ್ ಆದರೂ ಕೊನೆಗೆ ಆ ದೊಡ್ಡ ವಾಲ್ವನ್ನು ಎಳೆಯುವುದು ಹೆಚ್ಚಿನ ಕಡೆ ಗಾಳಿಯೇ. ಗಾಳಿ ಹೋದರೆ ವಾಲ್ವ್ ತೆರೆದು ನಿಲ್ಲಬೇಕಾ ಮುಚ್ಚಿ ನಿಲ್ಲಬೇಕಾ ಅಂತ ಹುಡುಗರನ್ನು ಕೇಳಿ ನೋಡಿ, ಅರ್ಧ ಜನ ತಡವರಿಸುತ್ತಾರೆ.

ಮೊದಲ ದಿನ ಪಾಠ ಮಾಡಲು ಹೋಗಬೇಡಿ. ಒಂದು ಹಳೆಯ ಆಕ್ಚುಯೇಟರ್ (ವಾಲ್ವನ್ನು ಎಳೆಯುವ ಭಾಗ) ಬಿಚ್ಚಿ ಅದರ ಡಯಾಫ್ರಾಮಿಗೆ (ಒಳಗಿನ ರಬ್ಬರ್ ಪದರ) ಸಣ್ಣ ತೂತು ಮಾಡಿ ಮತ್ತೆ ಕಟ್ಟಿ ಗಾಳಿ ಕೊಡಿ. ಎಲ್ಲಿ ಸೋರುತ್ತಿದೆ ಅಂತ ಅವರೇ ಹುಡುಕಲಿ, ಮೊದಲು ಕಿವಿಯಿಂದ, ಆಮೇಲೆ ಸೋಪಿನ ನೀರಿನಿಂದ. ನೀವು ಪಕ್ಕದಲ್ಲಿ ನಿಂತಿರಿ.